ಮಾಂಡೋವಿಯಲ್ಲಿ ಉಬ್ಬರ, ನವಿಲುತೀರ್ಥದಲ್ಲಿ ಯಾಕಿಲ್ಲ?

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. ನಮ್ಮವರು ಹಳೇ ಗೋವಾದ ಚರ್ಚು ನೋಡಿ, ಪಣಜಿಯ ಆದಿಲ್ ಶಾ ಅರಮನೆ ಮುಂದೆ ಫೋಟೊ ತೆಗೆಸಿಕೊಂಡು, ಬೀಚಿಗೆ ಓಡುತ್ತಾರೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾವನ್ನು ಕಿತ್ತುಕೊಂಡದ್ದು ವಿಜಯಪುರದ ಆದಿಲ್ ಶಾಹಿಗಳಿಂದಲೇ. ಅರಮನೆ ಎದುರಿನ ಮಾಂಡೋವಿಯೂ ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿ. ಬೇಸಿಗೆಯಲ್ಲಿ ಆ ದಂಡೆಯ ಮೇಲೆ ಅರ್ಧ ದಿನ ಕೂತು ನೋಡಿ. ಸಮುದ್ರದ ಕಡೆ ಹೊರಟ ನೀರು ತಿರುಗಿ ಹಳೇ ಗೋವಾದ ಕಡೆ ಹರಿಯುತ್ತದೆ!

ಚಂದ್ರ ಎಳೆಯುತ್ತಾನೆ, ಅದಕ್ಕೇ ಉಬ್ಬರ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಹಾಗಾದರೆ ದಿನಕ್ಕೆ ಎರಡು ಸಲ ಯಾಕೆ? ಚಂದ್ರನಿರುವ ಕಡೆ ಮಾತ್ರ ನೀರು ಉಬ್ಬಬೇಕಿತ್ತು, ಅಲ್ವಾ?

ಮೂರು ಎತ್ತಿನ ಗಾಡಿ ಒಂದರ ಹಿಂದೊಂದು ಹೊರಟಿವೆ ಅನ್ನಿ. ಮುಂದಿನದು ಜೋರು, ನಡುವಿನದು ಸಾಧಾರಣ, ಹಿಂದಿನದು ನಿಧಾನ. ನಡುವಿನ ಗಾಡಿಯವನಿಗೆ ಒಂದು ಗಾಡಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ದೂರವಾದಂತೆ ಕಾಣುತ್ತದೆ. ಮೂರೂ ಹೋಗುತ್ತಿರುವುದು ಮಾತ್ರ ಒಂದೇ ದಿಕ್ಕಿಗೆ. ಮುಂದಿನ ಗಾಡಿ ಚಂದ್ರನ ಕಡೆಯ ಕಡಲು, ನಡುವಿನದು ಭೂಮಿ, ಹಿಂದಿನದು ಆಚೆ ಬದಿಯ ಕಡಲು. ಭೂಮಿಯ ನಡುವಿಗಿಂತ ಈಚೆ ಬದಿಯಲ್ಲಿ ಚಂದ್ರನ ಸೆಳೆತ ಸುಮಾರು ಶೇ. 3ರಷ್ಟು ಜಾಸ್ತಿ, ಆಚೆ ಬದಿಯಲ್ಲಿ ಅಷ್ಟೇ ಕಡಿಮೆ. ಹಾಗಾಗಿ ಎರಡೂ ಕಡೆ ಉಬ್ಬು. ಭೂಮಿ ಸುತ್ತುವಷ್ಟರಲ್ಲಿ ಚಂದ್ರನೂ ಸ್ವಲ್ಪ ಸರಿದಿರುತ್ತಾನೆ. ಆದ್ದರಿಂದ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸರಿಸುಮಾರು 12 ಗಂಟೆ 25 ನಿಮಿಷ.

ಅಂದರೆ ಲೆಕ್ಕಕ್ಕೆ ಬರುವುದು ಸೆಳೆತದ ಜೋರಲ್ಲ, ಈ ಬದಿಗೂ ಆ ಬದಿಗೂ ಇರುವ ವ್ಯತ್ಯಾಸ. ಸೂರ್ಯ ಚಂದ್ರನಿಗಿಂತ 2.7 ಕೋಟಿ ಪಟ್ಟು ಭಾರ. ಆದರೂ ತುಂಬಾ ದೂರದಲ್ಲಿರುವುದರಿಂದ ಅವನ ಉಬ್ಬರ ಚಂದ್ರನದರ ಅರ್ಧವೂ ಇಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಇಬ್ಬರೂ ಒಂದೇ ಸಾಲಿಗೆ ಬರುತ್ತಾರೆ, ನೀರು ಇನ್ನಷ್ಟು ಏರುತ್ತದೆ.

ಇಲ್ಲೇ ನನಗೆ ತಲೆ ಕೆಡುವುದು. ಮನುಷ್ಯನ ಮೈಯಲ್ಲಿ ನೀರಿದೆ, ಅದಕ್ಕೇ ಅಮಾವಾಸ್ಯೆಗೆ ಮನಸ್ಸು ಕೆಡುತ್ತದೆ ಅಂತ ಓದಿದವರೇ ಸುಮ್ನೆ ಹೇಳುತ್ತಾರೆ. ಸವದತ್ತಿ ಹತ್ತಿರದ ನವಿಲುತೀರ್ಥ ಜಲಾಶಯ ನೋಡಿ, ಹುಣ್ಣಿಮೆಗೆ ಅಲ್ಲಿ ಕಣ್ಣಿಗೆ ಕಾಣುವಷ್ಟು ಉಬ್ಬರ ಇಲ್ಲ. ಅಷ್ಟು ದೊಡ್ಡ ಕೆರೆಯ ಈ ದಡಕ್ಕೂ ಆ ದಡಕ್ಕೂ ಸೆಳೆತದ ವ್ಯತ್ಯಾಸ ಇಲ್ಲವೆನ್ನುವಷ್ಟು ಸಣ್ಣದು. ಇನ್ನು ಆರಡಿ ಮನುಷ್ಯನ ತಲೆಗೂ ಕಾಲಿಗೂ ಎಷ್ಟಿದ್ದೀತು?

ಹಳೇ ಗೋವಾದಿಂದ ಫೆರಿ ಹತ್ತಿ ದಿವಾರ್ ದ್ವೀಪಕ್ಕೂ ಹೋಗಿ. ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿ ಅಲ್ಲಿ ಗದ್ದೆಗಳಿವೆ, ಖಾಜನ್ ಅನ್ನುತ್ತಾರೆ. ಪೋರ್ಚುಗೀಸರಿಗೂ ಮೊದಲಿನ ಪದ್ಧತಿ. ಒಡ್ಡಿನಲ್ಲಿ ಮಾನಸ್ ಎಂಬ ತೂಬು ಇರುತ್ತದೆ. ಏರುವ ನೀರು ಅದರ ಮರದ ಬಾಗಿಲನ್ನು ತಾನೇ ತಳ್ಳಿ ಮುಚ್ಚುತ್ತದೆ, ಇಳಿತದಲ್ಲಿ ಗದ್ದೆಯ ನೀರು ಅದನ್ನು ತೆರೆದು ಹೊರಗೆ ಹೋಗುತ್ತದೆ.