ಅಂಗೋಲದ ವನ್ಯಜೀವಿ: ಕಾಪಾಡೋಕೆ ಮುಂಚೆ ಏನಿದೆ ಅಂತ ಗೊತ್ತಾಗ್ಬೇಕಲ್ಲ

ಆಫ್ರಿಕಾದ ಕಾಡುಪ್ರಾಣಿ ಅಂದ್ರೆ ಎಲ್ರಿಗೂ ಕೀನ್ಯಾ, ಬೋಟ್ಸ್ವಾನ ನೆನಪಾಗುತ್ತೆ, ಅಂಗೋಲ ಯಾರ ಬಾಯಲ್ಲೂ ಬರಲ್ಲ. 1975ರಲ್ಲಿ ಪೋರ್ಚುಗೀಸರು ಬಿಟ್ಟು ಹೋದಾಗಿಂದ ನಡೆದ ಅಂತರ್ಯುದ್ಧ ನಿಂತಿದ್ದು 2002ರಲ್ಲಿ, ಅಷ್ಟು ವರ್ಷ ಕಾಡಿಗೆ ಹೋಗಿ ಪ್ರಾಣಿ ಎಣಿಸೋರು ಯಾರು? ಯುದ್ಧ ಮುಗಿದ್ಮೇಲೂ ನೆಲಬಾಂಬ್ ಹಾಗೇ ಉಳಿದ್ವು. ಹಾಗಾಗಿ ಅಂಗೋಲದಲ್ಲಿ ಯಾವ್ದೋ ಪ್ರಾಣಿಗೆ ರೆಕಾರ್ಡ್ ಇಲ್ಲ ಅಂದ ತಕ್ಷಣ ಅದು ಅಲ್ಲಿಲ್ಲ ಅಂತ ಬರೀಬೇಡಿ.

ಇದಕ್ಕೆ ಒಳ್ಳೆ ಎಕ್ಸಾಂಪಲ್ ಜೈಂಟ್ ಸೇಬಲ್. ಗಂಡಿಗೆ ಕಪ್ಪು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಅಂಗೋಲದ ಮಲಾಂಜೆ ಪ್ರಾಂತ್ಯದ ಕಡೆ ಬಿಟ್ರೆ ಕಾಡಲ್ಲಿ ಬೇರೆಲ್ಲೂ ಸಿಗದ ಹುಲ್ಲೆ. ದೇಶದ ಫುಟ್‌ಬಾಲ್ ಟೀಮಿಗೂ ಇದ್ರದ್ದೇ ಹೆಸರು, ಆದ್ರೆ ಯುದ್ಧ ಮುಗಿದಾಗ ಇದು ಬದುಕಿದ್ಯೋ ಇಲ್ವೋ ಅನ್ನೋದೇ ಡೌಟು. 2005ರಲ್ಲಿ ಜೀವಶಾಸ್ತ್ರಜ್ಞ ಪೆಡ್ರೊ ವಾಜ್ ಪಿಂಟೊ ಅವರ ತಂಡಕ್ಕೆ ಅಲ್ಲಿಯ ಕಾಂಗಂಡಾಲ ಪಾರ್ಕಿನ ಕ್ಯಾಮೆರಾ ಟ್ರ್ಯಾಪಲ್ಲಿ (ಪ್ರಾಣಿ ಹತ್ರ ಬಂದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ) ಫೋಟೋ ಸಿಕ್ತು. ಆಮೇಲೆ ಗಮನಿಸ್ತಾ ಹೋದ್ರೆ ಹಿಂಡಲ್ಲಿ ಸೇಬಲ್ ಗಂಡೇ ಇಲ್ಲ, ಹೆಣ್ಣುಗಳು ರೋನ್ ಅನ್ನೋ ಬೇರೆ ಜಾತಿ ಹುಲ್ಲೆ ಜೊತೆ ಕೂಡಿ ಮಿಶ್ರತಳಿ ಮರಿ ಹಾಕ್ತಿದ್ವು! ಬರೀ ತಲೆ ಎಣಿಸಿದ್ರೆ ಮರಿ ಇವೆ, ಎಲ್ಲಾ ಚೆನ್ನಾಗಿದೆ ಅಂತ ಬರ್ಕೊಂಡು ಬರ್ತಿದ್ರು, ಅಷ್ಟೊತ್ತಿಗೆ ಅಲ್ಲಿಯ ತಳಿನೇ ಮುಗಿದುಹೋಗ್ತಿತ್ತು. 2009ರಲ್ಲಿ ಲುವಾಂಡೊ ರಿಸರ್ವಿಂದ ಗಂಡು ತಂದು, ಹೆಣ್ಣುಗಳ ಜೊತೆ ಬೇಲಿಯೊಳಗೆ ಬಿಟ್ಮೇಲೆ ಶುದ್ಧ ತಳಿ ಮರಿ ಹುಟ್ಟಿದ್ವು. ರಿಸರ್ಚ್ ಯಾಕೆ ಬೇಕು ಅಂತ ಕೇಳಿದ್ರೆ ನಾನಂತೂ ಇದನ್ನೇ ಬರೀತೀನಿ.

ಆನೆ ವಿಷ್ಯ ಬೇರೆ ಥರ. ಯುದ್ಧದಲ್ಲಿ ಸರ್ಕಾರದ ವಿರುದ್ಧ ಹೋರಾಡ್ತಿದ್ದ ಉನಿಟಾ ಬಂಡುಕೋರ ಪಡೆ ಆನೆ ಕೊಂದು ದಂತ ಮಾರ್ತಿತ್ತು. 2022ರಲ್ಲಿ ಐದು ದೇಶ ಸೇರಿರೋ ಕಾಜಾ ಸಂರಕ್ಷಣಾ ಪ್ರದೇಶದ ಸರ್ವೇಲಿ ಒಟ್ಟು ಸುಮಾರು 2.28 ಲಕ್ಷ ಆನೆ ಅಂತ ಅಂದಾಜು ಬಂತು, ಅದ್ರಲ್ಲಿ ಬೋಟ್ಸ್ವಾನ ಕಡೆ 1.3 ಲಕ್ಷ, ಅಂಗೋಲ ಕಡೆ 6 ಸಾವಿರ ಅಷ್ಟೆ. ಬೋಟ್ಸ್ವಾನದಲ್ಲಿ ಇಕ್ಕಟ್ಟು, ಅಂಗೋಲದ ಲುವೆಂಗೆ-ಲುಯಾನ, ಮವಿಂಗ ಪಾರ್ಕುಗಳಲ್ಲಿ ಜಾಗ ಇದೆ, ಸರಿ, ಆದ್ರೆ ಆನೆ ಯಾವ ದಾರೀಲಿ ಬರ್ತವೆ, ನಡುವೆ ಯಾವ ಊರು ಸಿಗುತ್ತೆ, ಬೇಟೆ ಎಲ್ಲಿ ಜಾಸ್ತಿ, ಇದೆಲ್ಲ ಆನೆ ಕುತ್ತಿಗೆಗೆ ಜಾಗ ತಿಳಿಸೋ ಕಾಲರ್ ಹಾಕಿ ವರ್ಷಗಟ್ಟಲೆ ನೋಡ್ದೇನೇ ಪ್ಲಾನ್ ಮಾಡೋಕಾಗಲ್ಲ.

ಇನ್ನು ಪಶ್ಚಿಮದ ಕಡಿದಾದ ಇಳಿಜಾರಿನ ಕಾಡು, ಉದಾಹರಣೆಗೆ ಕುಂಬೀರ. ಗಬೇಲ ಬುಷ್‌ಶ್ರೈಕ್ ಥರ ಅಂಗೋಲದಲ್ಲಿ ಮಾತ್ರ ಇರೋ ಹಕ್ಕಿಗಳು ಇಲ್ಲಿವೆ. ಒಂದು ಕಾಲದಲ್ಲಿ ಮರದ ನೆರಳಲ್ಲಿ ಕಾಫಿ ಬೆಳೀತಿದ್ರು, ಯುದ್ಧ ಆದ್ಮೇಲೆ ಹೊಲಕ್ಕೆ ಅಂತ ಕಾಡು ಕಡಿಯೋದು ಜಾಸ್ತಿ ಆಯ್ತು. ಆನೆಗೆ ಸಿಗೋ ದುಡ್ಡು, ಪ್ರಚಾರ ಈ ಪುಟ್ಟ ಹಕ್ಕಿಗೆ ಸಿಗಲ್ಲ ಬಿಡಿ. ಹೊರಗಿನ ತಂಡ ಬಂದು ಸ್ಯಾಂಪಲ್ ತಗೊಂಡು ಹೋದ್ರೆ ಒಂದು ಪೇಪರ್ ಆಗುತ್ತೆ, ಪ್ರತಿ ವರ್ಷ ಅದೇ ಜಾಗಕ್ಕೆ ಹೋಗಿ ಎಣಿಸೋಕೆ ಅಲ್ಲೇ ಇರೋ ಸ್ಟೂಡೆಂಟ್ಸ್ ಬೇಕು, ಅವ್ರಿಗೆ ಟ್ರೈನಿಂಗ್, ಸಂಬಳ ಎರಡೂ ಬೇಕು.