ಕಾಕಾನ ಪಿಸ್ತೂಲು, ಸಿಪಾಯಿಯ ಗುಂಡು

ದಸರೆಯ ಖಂಡೇ ಪೂಜೆಗೆ ಒಂದು ದಿನ ಮೊದಲು ಸುರಪುರದ ನಮ್ಮ ಕಾಕಾ ಪಿಸ್ತೂಲು ಬಿಚ್ಚಿ ಒರೆಸುತ್ತಾರೆ. ಹಳೆಯ ಪೇಪರ್ ಹಾಸಿ, ಗುಂಡು ತುಂಬುವ ಮ್ಯಾಗಜಿನ್ ತೆಗೆದು ದೂರ ಇಟ್ಟು, ಮೇಲೆ ಹಿಂದೆಮುಂದೆ ಸರಿಯುವ ಸ್ಲೈಡ್ ಕಳಚಿ, ಧೋತರದ ಚಿಂದಿಗೆ ಎಣ್ಣೆ ಅದ್ದಿಕೊಂಡು ಕೂಡುತ್ತಾರೆ. ಅವರ ಅಪ್ಪ ನಿಜಾಮನ ಕಾಲದಲ್ಲಿ ಕೊಂಡಿದ್ದ ವೆಬ್ಲಿ ಅಂಡ್ ಸ್ಕಾಟ್, .32 ಬೋರಿನದು (ಬೋರು ಅಂದರೆ ನಳಿಗೆಯ ಒಳ ಅಗಲ). ಹೋದ ವರ್ಷ ಒರೆಸುವಾಗ ಚಿಂದಿಯ ಎಳೆಯೊಂದು ಎಲ್ಲೋ ಸಿಕ್ಕಿಕೊಂಡಿತು. ಕನ್ನಡಕ ಏರಿಸಿ ಬೆಳಕಿಗೆ ಹಿಡಿದರೆ, ಸ್ಲೈಡ್ ಓಡಾಡುವ ಹಳಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು.

ರಾತ್ರಿ ಡಲ್ಲಾಸಿನಲ್ಲಿರುವ ಮೊಮ್ಮಗ ವಿಡಿಯೊ ಕಾಲಿಗೆ ಬಂದ. "ಮುತ್ಯಾ, ಫ್ರೇಮ್ ಒಂದ ಬ್ಯಾರೇದು ಹಾಕಿಸಿಬಿಡು. ಹಾಕಸೂದ ಆತು, 9 ಎಂಎಂದs ಹಾಕಸು."

"ಹಾಕಸ್ತೀನಪ. ನೀ ಬಂದು ಜೇಲಿಗಿ ಬುತ್ತಿ ಕೊಟ್ಟು ಹೋಗು," ಅಂದರು ಕಾಕಾ.

ಆ ಹುಡುಗನ ಸಲಹೆಯಲ್ಲಿ ಎರಡು ಗಂಟುಗಳಿವೆ. ಒಂದು ಫ್ರೇಮಿನದು, ಇನ್ನೊಂದು ಗುಂಡಿನ ಅಳತೆಯದು. ಫ್ರೇಮಿನದು ಬೇಗ ಬಿಚ್ಚುತ್ತದೆ.

ಫ್ರೇಮ್ ಅಂದರೆ ಪಿಸ್ತೂಲಿನ ಹಂದರ. ಹಿಡಿ, ಟ್ರಿಗರ್, ಮ್ಯಾಗಜಿನ್ ಕೂಡುವ ಗೂಡು, ಸ್ಲೈಡಿನ ಹಳಿ ಎಲ್ಲ ಅದರಲ್ಲೇ. ಕೋಲ್ಟ್ 1911ರದು ಉಕ್ಕು, ಬೆರೆಟಾ 92ರದು ಅಲ್ಯೂಮಿನಿಯಂ, 1980ರ ದಶಕದಲ್ಲಿ ಬಂದ ಗ್ಲಾಕಿನದು ಪ್ಲಾಸ್ಟಿಕ್. ಬೇರೆ ಫ್ರೇಮ್ ಹುಡುಕುವವರು ಇವುಗಳಲ್ಲಿ ಯಾವುದು ಚಲೋ ಅಂತ ಚರ್ಚೆಗೆ ಬೀಳುತ್ತಾರೆ. ಆದರೆ ಮೊದಲು ಕೇಳಬೇಕಾದ್ದು ಅದು ಯಾವ ಗುಂಡಿಗೆ ಹುಟ್ಟಿದ ಫ್ರೇಮ್ ಎಂಬುದನ್ನು. ಕಾಕಾನ ಪಿಸ್ತೂಲಿಗೆ ಹಾಕುವ .32 ಎಸಿಪಿ ಗುಂಡಿನ ಒಟ್ಟು ಉದ್ದ 25 ಮಿ.ಮೀ., 9 ಎಂಎಂ ಗುಂಡಿನದು ಸುಮಾರು 30. ಗುಂಡು ಹಿಡಿಯೊಳಗೆ ಮೂತಿ ಮುಂದಾಗಿ ಮಲಗುತ್ತದೆ. ಆ ಐದು ಮಿ.ಮೀ.ಗೆ ಕಾಕಾನ ಪಿಸ್ತೂಲಿನ ಹಿಡಿಯಲ್ಲಿ ಜಾಗವೇ ಇಲ್ಲ. ಜಾಗ ಇದ್ದರೂ ಕೆಲಸ ಆಗದು. ಇಂಥ ಸಣ್ಣ .32 ಪಿಸ್ತೂಲಿನಲ್ಲಿ ಗುಂಡಿನ ಒದೆತವನ್ನು ತಡೆಯುವುದು ಸ್ಲೈಡಿನ ತೂಕ ಮತ್ತು ಹಿಂದಿನ ಸ್ಪ್ರಿಂಗು ಮಾತ್ರ. 9 ಎಂಎಂನ ಒದೆತಕ್ಕೆ ಸಾಮಾನ್ಯವಾಗಿ ನಳಿಗೆ ಮತ್ತು ಸ್ಲೈಡು ಕ್ಷಣಕಾಲ ಒಂದಕ್ಕೊಂದು ಬೀಗ ಹಾಕಿಕೊಳ್ಳುವ ಬೇರೆಯೇ ರಚನೆ ಬೇಕು.

ಇದು ಯಂತ್ರದ ಮಾತು. ಕಾನೂನಿನ ಮಾತು ಇನ್ನೂ ಚಿಕ್ಕದು. ಅಮೆರಿಕದ 1968ರ ಕಾಯ್ದೆಯ ಪ್ರಕಾರ ಬರೀ ಫ್ರೇಮ್ ಕೂಡ ಒಂದು ಬಂದೂಕೇ. ಮೊಮ್ಮಗ ತಿಳಿದಂತೆ ಅದು ಚಪ್ಪಲಿ ತರಿಸಿದ ಹಾಗೆ ಮನೆ ಬಾಗಿಲಿಗೆ ಬರುವುದಿಲ್ಲ, ಲೈಸೆನ್ಸ್ ಇರುವ ಡೀಲರ್ ಮೂಲಕವೇ ಬರಬೇಕು. ಅರ್ಧ ಕೊರೆದ ಫ್ರೇಮುಗಳ ಕಿಟ್ಟನ್ನು ಅಂಚೆಯಲ್ಲಿ ಮಾರುವ ದಂಧೆಗೆ 2022ರ ನಿಯಮ ಕಡಿವಾಣ ಹಾಕಿತು. ಅಲ್ಲಿನ ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇನ್ನೂ ಬಿಗಿ: ಆಯುಧದ ಬಿಡಿಭಾಗಗಳೂ ಆಯುಧವೇ ಎಂದು ವ್ಯಾಖ್ಯಾನದಲ್ಲೇ ಬರೆದಿದೆ. ಗುರುತಿನ ಅಚ್ಚು ಇಲ್ಲದ ಬಂದೂಕನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎನ್ನುತ್ತದೆ 8ನೇ ಕಲಂ. ಕಾಕಾನ ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವ ನಂಬರು ಇರುವುದು ಬಿರುಕು ಬಿಟ್ಟ ಆ ಫ್ರೇಮಿನ ಮೇಲೆ. ಸ್ಪ್ರಿಂಗು ಬದಲಾದರೆ ರಿಪೇರಿ. ಫ್ರೇಮ್ ಬದಲಾದರೆ ಪುಸ್ತಕದಲ್ಲಿರುವ ಪಿಸ್ತೂಲೇ ಇಲ್ಲವಾಗುತ್ತದೆ.

ಇನ್ನು ಎರಡನೇ ಗಂಟು. ನಮ್ಮಲ್ಲಿ ಸಾರ್ವಜನಿಕರಿಗೆ 9 ಎಂಎಂ ಯಾಕೆ ನಿಷೇಧ? ಯಾರನ್ನು ಕೇಳಿದರೂ ಅದು ಭಾರಿ ಗುಂಡು ಅನ್ನುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ನಿಯಮದ ಪಟ್ಟಿ ಓದಿದ ಮೇಲೆ ಗೊತ್ತಾಯಿತು, ಭಾರಕ್ಕೂ ಅದಕ್ಕೂ ಸಂಬಂಧ ಕಡಿಮೆ. ಆ ಗುಂಡು ಯಾರ ಉಗ್ರಾಣದಲ್ಲಿ ಇರುತ್ತದೆ ಎಂಬುದೇ ಅಲ್ಲಿ ಮುಖ್ಯ.

ಈ ಲೆಕ್ಕ ಶುರುವಾದದ್ದು ಸಿಪಾಯಿ ದಂಗೆಯಿಂದ. 1857ರಲ್ಲಿ ಕಂಪನಿ ಸರ್ಕಾರ ಹತಾರಗಳನ್ನೆಲ್ಲ ಒಪ್ಪಿಸಬೇಕೆಂದು ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ತಿರುಗಿಬಿದ್ದರು. ಮರುವರ್ಷ ನಮ್ಮ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕರ ಕಾಳಗ ನಡೆಯಿತು. 1860ರಲ್ಲಿ ಸುರಪುರ ಸಂಸ್ಥಾನವನ್ನು ಬ್ರಿಟಿಷರು ನಿಜಾಮನಿಗೆ ಬಿಟ್ಟುಕೊಟ್ಟರು. ಹಾಗಾಗಿ 1878ರಲ್ಲಿ ವೈಸರಾಯ್ ಲಿಟನ್ ತಂದ ಶಸ್ತ್ರ ಕಾಯ್ದೆ ಬ್ರಿಟಿಷ್ ಇಂಡಿಯಾದ ಕೈ ಕಟ್ಟಿದಾಗ ಕಲಬುರಗಿ, ಬೀದರ, ಸುರಪುರಗಳು ಅದರ ಗಡಿಯಾಚೆ ಉಳಿದವು. ಕಾಕಾನ ಮನೆಯಲ್ಲಿ ಮದ್ದು ಜಡಿಯುವ ಹಳೇ ಬಂದೂಕು ಉಳಿದಿದ್ದಕ್ಕೆ ಈ ಗಡಿಯೇ ಕಾರಣ ಎಂದು ಮನೆಯವರ ನಂಬಿಕೆ. ಅದಕ್ಕೆ ಕಾಗದದ ಆಧಾರ ಇಲ್ಲ, ಹೆಮ್ಮೆಯಂತೂ ಸಾಕಷ್ಟಿದೆ.

ಬ್ರಿಟಿಷ್ ಇಂಡಿಯಾ ಆಳುವವರ ತಲೆಯಲ್ಲಿ ಒಂದೇ ಭಯ ಕೂತಿತ್ತು. ಬಂದೂಕು ಕದ್ದರೆ ಒಂದು ಬಂದೂಕು ಹೋದೀತು, ಆದರೆ ಸೈನ್ಯದ ಗುಂಡು ಜನರ ಬಂದೂಕಿಗೆ ಹೊಂದಿದರೆ ಒಂದು ಮದ್ದಿನ ಮನೆ ಲೂಟಿಯಾದರೂ ನೂರು ಬಂದೂಕಿಗೆ ಜೀವ ಬರುತ್ತದೆ. 1907ರ ಹೊತ್ತಿಗೆ .450 ಬೋರಿನ ರೈಫಲುಗಳನ್ನು ಇಂಡಿಯಾಕ್ಕೆ ತರುವುದನ್ನೇ ನಿಲ್ಲಿಸಿದರು, ಯಾಕೆಂದರೆ ಹಳೆಯ ಮಾರ್ಟಿನಿ ಸೈನಿಕ ಬಂದೂಕಿನ ಬೋರು ಅದೇ. ಹುಲಿ ಬೇಟೆಯ ದೊರೆಗಳಿಗೆ ಬಂದೂಕು ಮಾರುತ್ತಿದ್ದ ಲಂಡನ್ನಿನ ಕಂಪನಿಗಳು ಕೈಕಟ್ಟಿ ಕೂಡಲಿಲ್ಲ. ಹಾಲೆಂಡ್ ಅಂಡ್ ಹಾಲೆಂಡ್ .465 ತಂದಿತು, ಇನ್ನು ಕೆಲವರು .470, .475 ಹಿಡಿದರು. ಎಲ್ಲವೂ .450ರಷ್ಟೇ ಬಿರುಸು, ಕೆಲವು ಇನ್ನೂ ಹೆಚ್ಚು. ಆನೆಗೆ ವ್ಯತ್ಯಾಸ ತಿಳಿಯಲಿಲ್ಲ, ಕಸ್ಟಮ್ಸಿಗೆ ತಿಳಿಯಿತು.

ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಸೈನ್ಯದ .303 ರೈಫಲುಗಳ ನಳಿಗೆಯ ಒಳಗೆರೆ ಅಳಿಸಿ, .410ಕ್ಕೆ ಅಗಲಿಸಿ, ಒಂದೊಂದೇ ಗುಂಡು ಹಾಕುವ ಮಸ್ಕೆಟ್ ಮಾಡಿ ಪೊಲೀಸರಿಗೂ ಕಾವಲಿನವರಿಗೂ ಕೊಟ್ಟರು. ಅವರಿಂದ ಯಾರಾದರೂ ಕಸಿದುಕೊಂಡರೂ ಸೈನ್ಯದ ಗುಂಡು ಅದರಲ್ಲಿ ನಡೆಯಬಾರದು ಎಂಬ ಎಣಿಕೆ. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳು ಸಾರ್ವಜನಿಕರಿಗೆ ಮಾರುವ .315 ರೈಫಲು ಇವತ್ತಿಗೂ ಇರುವುದು ಇದೇ ಕಾರಣಕ್ಕೆ. ಅದು .303 ಅಲ್ಲ, ಅಷ್ಟೇ ಅದರ ದೊಡ್ಡಸ್ತಿಕೆ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ನಿಜಾಮನ ಪರ ನಿಂತ ರಜಾಕಾರರ ಬಂದೂಕಿನ ಸದ್ದು, ಬೀದರ ಸೀಮೆಯ ಗೋರ್ಟಾದ ಹತ್ಯಾಕಾಂಡದ ನೆನಪು ಇನ್ನೂ ಹಸಿಯಾಗಿತ್ತು. ಅದಾಗಿ ಮೂರೇ ತಿಂಗಳಿಗೆ, ಡಿಸೆಂಬರಿನಲ್ಲಿ, ಸಂವಿಧಾನ ಸಭೆಯಲ್ಲಿ ಸದಸ್ಯ ಎಚ್.ವಿ. ಕಾಮತ್ ಎದ್ದು ನಿಂತು ಆಯುಧ ಹೊಂದುವುದನ್ನೂ ಮೂಲಭೂತ ಹಕ್ಕು ಮಾಡಬೇಕೆಂದರು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ ಆ ಹಕ್ಕು ಇತ್ತು. ಅಂಬೇಡ್ಕರ್ ಒಪ್ಪಲಿಲ್ಲ. ಆ ಚಳಿಗಾಲದಲ್ಲಿ ಬೀದರಿನವರನ್ನು ಕೇಳಿದ್ದರೆ ಅವರೂ ಎರಡು ಪಾಲಾಗುತ್ತಿದ್ದರು ಎಂದು ನನ್ನ ಊಹೆ. ರಜಾಕಾರರಿಗೆ ಬಂದೂಕು ಸಿಕ್ಕಿದ್ದೇ ತಪ್ಪು ಅನ್ನುವವರು ಒಂದು ಕಡೆ, ನಮಗೆ ಸಿಗದಿದ್ದದ್ದೇ ತಪ್ಪು ಅನ್ನುವವರು ಇನ್ನೊಂದು ಕಡೆ.

1959ರ ಕಾಯ್ದೆ, 1962ರ ನಿಯಮಗಳು ಬಂದವು. ನಿಯಮಗಳ ಅನುಸೂಚಿಯಲ್ಲಿ ನಿಷೇಧಿತ ಬೋರಿನ ಪಟ್ಟಿ ಇತ್ತು: .380 ಅಥವಾ .455ರ, ಬುಡದಲ್ಲಿ ಅಂಚಿರುವ ಗುಂಡು, ಸೈನ್ಯದ 9 ಎಂಎಂ, .45 ಅಂಚಿಲ್ಲದ ಗುಂಡು, ಇವುಗಳನ್ನು ತುಂಬಿ ಹಾರಿಸಬಲ್ಲ ಯಾವುದೇ ಪಿಸ್ತೂಲು, ರಿವಾಲ್ವರು. "ಹಾರಿಸಬಲ್ಲ" ಅನ್ನುವಲ್ಲೇ ಎಲ್ಲ ಇದೆ. ಪಿಸ್ತೂಲಿನ ಮೇಲೆ ಏನು ಕೆತ್ತಿದೆ ಎಂಬುದಲ್ಲ, ಸಿಪಾಯಿಯ ಗುಂಡು ಅದರೊಳಗೆ ಕೂರುತ್ತದೆಯೇ ಎಂಬುದೇ ಪ್ರಶ್ನೆ. .380 ಮತ್ತು .455 ಬ್ರಿಟಿಷ್ ಸೈನ್ಯದ ರಿವಾಲ್ವರ್ ಗುಂಡುಗಳು. ಯಜಮಾನ ಹೋದ, ಅವನ ಪಟ್ಟಿ ಉಳಿಯಿತು. .357 ಮ್ಯಾಗ್ನಮ್‌ನ ಏಟು 9 ಎಂಎಂಗಿಂತ ಜೋರು, ಆದರೆ ಆ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಯಾವ ಸೈನ್ಯವೂ ಇಲ್ಲಿ ಅದನ್ನು ಉಗ್ರಾಣದಲ್ಲಿ ಇಟ್ಟಿರಲಿಲ್ಲ. ನಿಷೇಧಿತ ಬೋರಿಗೆ ಅನುಮತಿ ಬೇಕಾದರೆ ಡಿಸಿ ಕಚೇರಿಯಲ್ಲಿ ಕೆಲಸವಾಗದು, ದಿಲ್ಲಿಯ ಗೃಹ ಸಚಿವಾಲಯವೇ ಕೊಡಬೇಕು. 2016ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದಾಗಲೂ ಈ ತರ್ಕ ಹಾಗೇ ಉಳಿಯಿತು.

ನಾವೊಬ್ಬರೇ ಹೀಗಲ್ಲ. ಇಟಲಿಯಲ್ಲೂ 9 ಎಂಎಂ ಯುದ್ಧದ ಗುಂಡೆಂದು ಸಾರ್ವಜನಿಕರಿಗೆ ಸಿಗುತ್ತಿರಲಿಲ್ಲ. ಅದಕ್ಕಾಗಿ ಗುಂಡಿನ ಮದ್ದು ತುಂಬುವ ಖೋಲನ್ನು ಎರಡು ಮಿ.ಮೀ. ಉದ್ದ ಮಾಡಿ 9x21 ಎಂಬ ಗುಂಡು ಚಾಲ್ತಿಗೆ ತಂದರು. ಹೊಡೆತ ಅದೇ, ಹೆಸರು ಬೇರೆ. 2022ರಲ್ಲಿ ಇಟಲಿ ಆ ನಿಷೇಧವನ್ನೇ ತೆಗೆಯಿತು. ಫ್ರಾನ್ಸ್ 2013ರಲ್ಲೇ ಯುದ್ಧದ ಬೋರು ಎಂಬ ವಿಂಗಡಣೆಯನ್ನು ಕೈಬಿಟ್ಟಿತ್ತು.

ನಮ್ಮಲ್ಲಿ ಉಳಿದದ್ದು .32. ಅದರಲ್ಲೂ ಒಂದು ಗೊಂದಲ. ಕಾನ್ಪುರದ .32 ರಿವಾಲ್ವರಿಗೆ ಬೇಕಾದದ್ದು ಬುಡದಲ್ಲಿ ಅಗಲ ಅಂಚಿರುವ, ಉದ್ದನೆಯ ಖೋಲಿನ ಎಸ್ ಅಂಡ್ ಡಬ್ಲ್ಯೂ ಲಾಂಗ್ ಎಂಬ ಗುಂಡು. ಪಿಸ್ತೂಲಿಗೆ ಬೇಕಾದದ್ದು ಗಿಡ್ಡನೆಯ ಎಸಿಪಿ. ಲೈಸೆನ್ಸಿನಲ್ಲಿ ಎರಡೂ .32. ಒಮ್ಮೆ ಕಾಕಾನ ಜೊತೆ ಗುಂಡು ತರಲು ಹೋದಾಗ ಅಂಗಡಿಯ ಹುಡುಗ ರಿವಾಲ್ವರಿನ ಡಬ್ಬಿ ತಂದಿಟ್ಟ. ಕಾಕಾ ಒಂದು ಗುಂಡನ್ನು ಬೆರಳಲ್ಲಿ ತಿರುಗಿಸಿ, ಅಂಚಿಗೆ ಉಗುರು ತಾಗಿಸಿ, "ಇದು ನಮ್ಮದಲ್ಲೋ ತಮ್ಮಾ" ಎಂದು ವಾಪಸ್ ಇಟ್ಟರು.

ವಿದೇಶದಿಂದ ಪಿಸ್ತೂಲು ತರಿಸುವ ದಾರಿ 1980ರ ದಶಕದ ಮಧ್ಯದಲ್ಲೇ ಸಾಮಾನ್ಯರಿಗೆ ಮುಚ್ಚಿಹೋಯಿತು. ಹಳೇ ವೆಬ್ಲಿಗಳಿಗೆ ಬಂಗಾರದ ಬೆಲೆ ಬಂದದ್ದು ಆಗಲೇ. 2019ರ ತಿದ್ದುಪಡಿ ಇನ್ನಷ್ಟು ಬಿಗಿಯಾಯಿತು. ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು. ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದಕ್ಕೂ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, ಮಾರ್ಪಡಿಸಿದರೆ, ರಿಪೇರಿ ಮಾಡಿದರೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ. ಕಾಕಾ ಹೇಳಿದ ಜೇಲಿನ ಬುತ್ತಿ ಬರೀ ಚಾಷ್ಟಿ ಆಗಿರಲಿಲ್ಲ.

ಆಗ ಕಾಕಾನ ಹತ್ತಿರ ಮೂರಿದ್ದವು. ತೊಗರಿ ಹೊಲಕ್ಕೆ ನುಗ್ಗುವ ಹಂದಿ ಹೆದರಿಸಲು 12 ಬೋರು ಬೇಕೇ ಬೇಕು ಅಂದರು. ಪಿಸ್ತೂಲು ಅಪ್ಪನದು. ಕೊನೆಗೆ 2020ರಲ್ಲಿ, ಗಡುವಿಗೆ ನಾಲ್ಕು ದಿನ ಇರುವಾಗ, ಮದ್ದು ಜಡಿಯುವ ಆ ಹಳೇ ಬಂದೂಕನ್ನು ಹೊದಿಕೆಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬಂದರು. ಉಳಿಸಿಕೊಂಡ ಪಿಸ್ತೂಲೇ ಈಗ ಬಿರುಕು ಬಿಟ್ಟಿದೆ.

ಅದನ್ನು ಕಲಬುರಗಿಯ ಡೀಲರ್ ಹತ್ತಿರ ಒಯ್ದಾಗ ಅವರು ಭೂತಗನ್ನಡಿ ಹಿಡಿದು ನೋಡಿ, "ಬೆಸಿಗಿ ಹಾಕಬ್ಯಾಡ್ರಿ, ಹಾರಿಸಲೂ ಬ್ಯಾಡ್ರಿ" ಅಂದರು. ಉಳಿದ ದಾರಿ ಒಂದೇ: ಇದನ್ನು ಲೈಸೆನ್ಸಿನಿಂದ ತೆಗೆಸಿ, ಇಲ್ಲೇ ತಯಾರಾದ ಹೊಸ .32 ಕೊಂಡು ಅದರ ನಂಬರು ಬರೆಸುವುದು. ಕಾಕಾ ಇನ್ನೂ ಮನಸ್ಸು ಮಾಡಿಲ್ಲ, ಪಿಸ್ತೂಲನ್ನು ಅವರ ಬಳಿಯೇ ಡಿಪಾಜಿಟ್ ಇಟ್ಟಿದ್ದಾರೆ. ಈ ಸಲ ಖಂಡೇ ಪೂಜೆಗೆ ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಕೀಲಿ, 12 ಬೋರಿನ ಪಕ್ಕದಲ್ಲಿ ಡೀಲರ್ ಕೊಟ್ಟ ರಸೀದಿಯನ್ನೂ ಇಟ್ಟರು. ಕಾಕು ನಗುತ್ತಲೇ ಅದಕ್ಕೂ ಕುಂಕುಮ ಹಚ್ಚಿದಳು.