ಮಗನನ್ನು ಹಡಗಿಗೆ ಕಳಿಸುವವರು ಇದನ್ನು ಯಾಕೆ ಕೇಳುವುದಿಲ್ಲ?

ಪಿಯುಸಿ ರಿಸಲ್ಟ್ ಬಂತೆಂದರೆ, ಮಕ್ಕಳನ್ನು ಮರ್ಚೆಂಟ್ ನೇವಿಗೆ, ಅಂದರೆ ವ್ಯಾಪಾರಿ ಹಡಗಿನ ಕೆಲಸಕ್ಕೆ ಸೇರಿಸಬೇಕೆನ್ನುವವರಿಂದ ಫೋನ್ ಶುರು, ಮಡಿಕೇರಿ, ವಿರಾಜಪೇಟೆ ಕಡೆಯಿಂದ. ಹುಡುಗಿಯ ಅಪ್ಪನಾದರೆ, "ಸಾರ್, ಹಡಗಲ್ಲಿ ಹೆಣ್ಣುಮಕ್ಕಳಿಗೆ ಸೇಫಾ?" ಹುಡುಗನ ಅಪ್ಪನಾದರೆ ಸಂಬಳ ಎಷ್ಟು, ಡಾಲರಲ್ಲಾ? ನಮ್ಮ ಹುಡುಗ ಅಲ್ಲಿ ಜೊತೆಯವರ ಹತ್ತಿರ ಹೇಗಿರಬೇಕು ಅಂತ ಒಬ್ಬರೂ ಕೇಳಿದ್ದಿಲ್ಲ.

ಪ್ರವೇಶ ಪರೀಕ್ಷೆ ಐಎಂಯು ಸಿಇಟಿ, ಕಣ್ಣಿನ ಪರೀಕ್ಷೆ, ನಾವಿಕರ ಗುರುತಿನ ಪುಸ್ತಕ ಸಿಡಿಸಿ, ಇವುಗಳ ವಿವರ ಎಲ್ಲ ನೆಟ್‌ನಲ್ಲಿ ಸಿಗುತ್ತದೆ, ಬಿಡಿ. ಹಡಗು ಹತ್ತುವ ಮೊದಲು ಮಾಡಲೇಬೇಕಾದ ಪಿಎಸ್‌ಎಸ್‌ಆರ್ ಅಂತ ಒಂದು ಸಣ್ಣ ಕೋರ್ಸ್ ಇದೆ, ವೈಯಕ್ತಿಕ ಸುರಕ್ಷತೆ ಮತ್ತು ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ. 2024ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಹಡಗು ಸಂಸ್ಥೆ ಐಎಂಒ, ನಾವಿಕರ ತರಬೇತಿಯ ಎಸ್‌ಟಿಸಿಡಬ್ಲ್ಯು ನಿಯಮ ತಿದ್ದಿ, ಕಿರುಕುಳ, ದಬ್ಬಾಳಿಕೆ, ಲೈಂಗಿಕ ದೌರ್ಜನ್ಯ ತಡೆಯುವ ಪಾಠವನ್ನು ಅದಕ್ಕೆ ಸೇರಿಸಿತು. 2026ರ ಜನವರಿ 1ರಿಂದ ಜಾರಿ. ಇಂಥ ಪಾಠ ಶುರು ಮಾಡಿದರೆ ಸಾಕು, ಕ್ಲಾಸಿನ ಹುಡುಗರೆಲ್ಲ ತಿರುಗಿ ಅಲ್ಲಿರುವ ಒಬ್ಬಿಬ್ಬರು ಹುಡುಗಿಯರನ್ನು ನೋಡುತ್ತಾರೆ, ಇದು ನಿಮಗೆ ಅನ್ನುವ ಹಾಗೆ.

ಸ್ವಾಮಿ, 2021ರ ಲೆಕ್ಕದಲ್ಲಿ ಜಗತ್ತಿನ ನಾವಿಕರಲ್ಲಿ ಹೆಂಗಸರು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಆ ಒಬ್ಬಳಿಗೆ ಹುಷಾರಾಗಿರು ಅಂತ ಹೇಳಿ, ಉಳಿದವರನ್ನು ಟೀ ಕುಡಿಯಲು ಕಳಿಸಿದರೆ ಏನು ಪ್ರಯೋಜನ?

"ನಮ್ಮ ಕೊಡಗಲ್ಲಿ ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಹೆಣ್ಣುಮಕ್ಕಳೂ ಕೋವಿ ಹಿಡಿದು ತೆಂಗಿನಕಾಯಿ ಹೊಡೀತಾರೆ, ನಮ್ಮ ಹುಡುಗರಿಗೆ ಇದೆಲ್ಲ ಹೇಳ್ಬೇಕಾ?" ಅಂತ ಒಬ್ಬ ರಿಟೈರ್ಡ್ ಸುಬೇದಾರರು ಕೇಳಿದರು. ಒಳ್ಳೆಯ ಮನುಷ್ಯ, ಕಾಫಿ ಕುಡಿಸದೆ ಕಳಿಸುವವರಲ್ಲ. ಆದರೂ ಹೇಳಬೇಕು. ಹಬ್ಬದ ದಿನ ಸುತ್ತ ಮನೆಯವರೇ ಇರುತ್ತಾರೆ. ಹಡಗಲ್ಲಿ ತಿಂಗಳುಗಟ್ಟಲೆ ಅದೇ ಇಪ್ಪತ್ತು ಚಿಲ್ಲರೆ ಜನ, ಅದೇ ಊಟದ ಮೇಜು, ರಾತ್ರಿ ಎರಡು ಗಂಟೆಗೆ ಬ್ರಿಡ್ಜ್ ಅನ್ನುವ ಹಡಗು ನಡೆಸುವ ಕೋಣೆಯಲ್ಲಿ ಆಫೀಸರ್ ಮತ್ತು ಕೆಡೆಟ್, ಅಂದರೆ ತರಬೇತಿಯಲ್ಲಿರುವವರು, ಮತ್ತೊಬ್ಬರು ಇದ್ದರೆ ಇದ್ದರು. ಕಷ್ಟ ಕೊಡುವವನೇ ಕೆಡೆಟ್‌ನ ಟ್ರೈನಿಂಗ್ ಪುಸ್ತಕಕ್ಕೆ ಸಹಿ ಹಾಕುವವನೂ ಆಗಿರಬಹುದು. ಯಾರು ಬಾಯಿ ಬಿಡುತ್ತಾರೆ?

ಹುಡುಗರೂ ಬಿಡುವುದಿಲ್ಲ. ಗೋಣಿಕೊಪ್ಪ ಕಡೆಯ ಹಾಕಿ ಆಡುವ ಗಟ್ಟಿ ಹುಡುಗ, ಸೀನಿಯರ್ ಒಬ್ಬನ ಕಾಟ ತಡೆಯಲಾಗದೆ ಮೊದಲ ಕಾಂಟ್ರ್ಯಾಕ್ಟ್ ಅರ್ಧಕ್ಕೇ ಬಿಟ್ಟು ಬಂದ. ಮನೆಯಲ್ಲಿ ಬೆನ್ನುನೋವು ಅಂತ ಹೇಳಿದ್ದಾನೆ. ದೂರು ಕೊಡಬಹುದು ಅನ್ನುವುದೇ ಅವನಿಗೆ ಹೊಳೆದಿರಲಿಲ್ಲ.

ಸೇಫಾ ಅನ್ನುವುದಕ್ಕೆ ನಾನು ಗ್ಯಾರಂಟಿ ಕೊಡಲಾರೆ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ನಾವಿಕರ ಕೆಲಸದ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದ ಎಂಎಲ್‌ಸಿ ಪ್ರಕಾರ ಹಡಗಿನಲ್ಲಿ ದೂರು ಕೊಡುವ ಕ್ರಮದ ಪ್ರತಿಯನ್ನು ಪ್ರತಿ ನಾವಿಕರಿಗೂ ಕೊಡಬೇಕು. ಕಾಂಟ್ರ್ಯಾಕ್ಟ್‌ಗೆ ಸಹಿ ಮಾಡುವಾಗಲೇ ಅದನ್ನು ಕೇಳಿ ಪಡೆಯಿರಿ. ಕಂಪನಿಯ ದಡದ ಆಫೀಸಿನಲ್ಲಿ ಡಿಪಿಎ ಅಂತ, ಹಡಗಿನ ಸುರಕ್ಷತೆ ನೋಡಿಕೊಳ್ಳಲು ನೇಮಿಸಿದ ಒಬ್ಬರಿರುತ್ತಾರೆ, ಕಂಪನಿಯ ಮೇಲಿನವರ ಜೊತೆ ನೇರವಾಗಿ ಮಾತಾಡಬಲ್ಲವರು. ಅವರ ನಂಬರ್ ಮಕ್ಕಳ ಫೋನಿನಲ್ಲೂ ಇರಲಿ, ನಿಮ್ಮ ಫೋನಿನಲ್ಲೂ ಇರಲಿ, ಮಗನಾದರೂ ಸರಿ.